ಅಮೆರಿಕದಲ್ಲಿದ್ದುಕೊಂಡು ಭಾರತದ ಮಗುವನ್ನು ದತ್ತು ಪಡೆಯುವುದು: ರಜೆಯ ಪ್ರವಾಸಕ್ಕೆ ಮೊದಲು ತಿಳಿದಿರಬೇಕಾದ ವಿಷಯಗಳು

ಪ್ರಶ್ನೆ: ನಾವು ಕರ್ನಾಟಕದವರು, ಏಳು ವರ್ಷಗಳಿಂದ ಅಮೆರಿಕದಲ್ಲಿದ್ದೇವೆ. ನನ್ನ ಪತಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದಾರೆ, ನಾನು ಎಚ್-4 ವೀಸಾದಲ್ಲಿದ್ದೇನೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಅವರಿಗೆ 42 ವರ್ಷ, ನನಗೆ 38. ಮಕ್ಕಳಾಗಲಿಲ್ಲ, ಚಿಕಿತ್ಸೆ ನಿಲ್ಲಿಸಿ ಒಂದು ಹೆಣ್ಣು ಮಗುವನ್ನು ದತ್ತು ಪಡೆಯಲು ಇಬ್ಬರೂ ಮನಸ್ಸು ಮಾಡಿದ್ದೇವೆ. ಬರುವ ಡಿಸೆಂಬರ್‌ನಲ್ಲಿ ನಾಲ್ಕು ವಾರಗಳ ರಜೆಗೆ ಊರಿಗೆ ಬರುತ್ತಿದ್ದೇವೆ. ಅಷ್ಟರಲ್ಲಿ ದತ್ತು ಮುಗಿಸಿ ಮಗುವನ್ನು ಜೊತೆಗೆ ಕರೆದುಕೊಂಡು ಬರಬಹುದೇ? ಕೆನಡಾದಲ್ಲಿರುವ ಗೆಳತಿಗೆ ಭಾರತದಿಂದಲೇ ದತ್ತು ಪಡೆಯಲು ಸಾಧ್ಯವಾಗಿದೆ. ನಮ್ಮ ಅತ್ತೆಯವರು ಮೈದುನನ ಎರಡನೆಯ ಮಗುವನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಪರಿಚಯದವರೊಬ್ಬರು, ಒಂದು ನರ್ಸಿಂಗ್ ಹೋಮ್‌ನಲ್ಲಿ ಮದುವೆಯಾಗದ ಹುಡುಗಿಯೊಬ್ಬಳಿಗೆ ಹೆರಿಗೆಯಾಗಲಿದೆ, ಮಗುವನ್ನು ನಿಮ್ಮ ಹೆಸರಿನಲ್ಲೇ ಬರೆಸಿಬಿಡಬಹುದು ಎಂದೂ ಹೇಳಿದ್ದಾರೆ. ಯಾವ ದಾರಿ ಸರಿ?

ಉತ್ತರ: ನಾಲ್ಕು ವಾರಗಳಲ್ಲಿ ಇದು ಆಗುವುದಿಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ನೀವು ಈಗಿರುವ ವೀಸಾ ಸ್ಥಿತಿಯಲ್ಲಿ, ಭಾರತದಲ್ಲಿ ದತ್ತು ಎಲ್ಲ ರೀತಿಯಿಂದಲೂ ಕಾನೂನುಬದ್ಧವಾಗಿ ಮುಗಿದರೂ, ಮಗುವನ್ನು ಆ ಕೂಡಲೇ ಅಮೆರಿಕಕ್ಕೆ ಕರೆದೊಯ್ಯಲು ದಾರಿಯಿಲ್ಲ. ಇದು ನಿಮ್ಮ ಅರ್ಹತೆಯ ಮೇಲಿನ ತೀರ್ಪಲ್ಲ. ನೀವು ಒಳ್ಳೆಯ ತಂದೆ ತಾಯಿ ಆಗಬಲ್ಲಿರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ದತ್ತು ಆದೇಶ ಕೈಗೆ ಬಂದ ಮೇಲೆ, ಮಗು ಒಂದು ದೇಶದಲ್ಲಿ, ಹೆತ್ತವರಾಗಬೇಕಾದವರು ಇನ್ನೊಂದು ದೇಶದಲ್ಲಿ ಉಳಿಯುವ ಸ್ಥಿತಿ ಬಂದರೆ ಅದರ ಭಾರವೆಲ್ಲ ಬೀಳುವುದು ಒಮ್ಮೆ ಈಗಾಗಲೇ ಕೈಬಿಟ್ಟುಹೋದ ಮಗುವಿನ ಮೇಲೆ. ಆದ್ದರಿಂದ ನಿಮ್ಮ ಯೋಜನೆ ‘ಮಗು ಎಲ್ಲಿ ಸಿಗುತ್ತದೆ’ ಎಂಬಲ್ಲಿಂದ ಆರಂಭವಾಗಬಾರದು, ‘ಸಿಕ್ಕ ದಿನದಿಂದ ಮಗು ನಮ್ಮೊಡನೆ ಎಲ್ಲಿ ಬದುಕಬಹುದು’ ಎಂಬಲ್ಲಿಂದ ಆರಂಭವಾಗಬೇಕು. ನನ್ನ ಉತ್ತರವನ್ನೂ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಹೊರದೇಶದಲ್ಲಿರುವವರ ದತ್ತು ಎರಡು ದೇಶಗಳ ಕಾನೂನನ್ನು ಒಟ್ಟಿಗೆ ದಾಟಬೇಕು. 1993ರ ಮೇ 29ರಂದು ರೂಪುಗೊಂಡ ಅಂತರ್‌ದೇಶೀಯ ದತ್ತು ಕುರಿತ ಹೇಗ್ ಒಪ್ಪಂದ ಈ ಎರಡನ್ನೂ ಜೋಡಿಸುತ್ತದೆ. ಭಾರತ 2003ರಲ್ಲಿ ಅದನ್ನು ಅಂಗೀಕರಿಸಿತು. ಅಮೆರಿಕದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಪ್ಪಂದದ 5ನೇ ವಿಧಿಯ ಪ್ರಕಾರ, ಮಗುವನ್ನು ಬರಮಾಡಿಕೊಳ್ಳುವ ದೇಶದ ಅಧಿಕೃತ ಪ್ರಾಧಿಕಾರವು, ದತ್ತು ಬಯಸುವವರು ಅರ್ಹರು, ಅವರಿಗೆ ಆಪ್ತಸಮಾಲೋಚನೆ ದೊರೆತಿದೆ, ಮಗುವಿಗೆ ತನ್ನ ದೇಶವನ್ನು ಪ್ರವೇಶಿಸಿ ಅಲ್ಲಿ ಶಾಶ್ವತವಾಗಿ ನೆಲೆಸಲು ಅನುಮತಿ ಇದೆ ಅಥವಾ ಸಿಗಲಿದೆ ಎಂಬ ಮೂರನ್ನೂ ಖಚಿತಪಡಿಸಬೇಕು. ಈ ಮೂರನೆಯ ಮಾತಿನಲ್ಲಿಯೇ ನಿಮ್ಮ ದಾರಿ ಕಟ್ಟಿಹೋಗುತ್ತದೆ.

ಅಮೆರಿಕದಲ್ಲಿ ಹೇಗ್ ದತ್ತಿಗೆ ಬೇಕಾದ ಐ-800ಎ ಮತ್ತು ಐ-800 ಅರ್ಜಿಗಳನ್ನು ಸಲ್ಲಿಸಲು ಅವಕಾಶವಿರುವುದು ಅಮೆರಿಕದ ಪೌರರಿಗೆ ಮಾತ್ರ. ದಂಪತಿಯಲ್ಲಿ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಕಾನೂನುಬದ್ಧ ವೀಸಾದಲ್ಲಿದ್ದರೆ ಸಾಕು. ಇಬ್ಬರೂ ಪೌರರಲ್ಲದಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಗ್ರೀನ್ ಕಾರ್ಡ್, ಅಂದರೆ ಶಾಶ್ವತ ನಿವಾಸದ ಅನುಮತಿ, ಇದ್ದವರಿಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಪೌರರಲ್ಲದವರು ಬೇರೆ ದೇಶದಲ್ಲಿ ದತ್ತು ಪಡೆದಾಗ, ಆ ಮಗುವನ್ನು ವಲಸೆ ಕಾನೂನಿನ ಅರ್ಥದಲ್ಲಿ ಅವರ ‘ಮಗು’ ಎಂದು ಪರಿಗಣಿಸಲು ಸಾಮಾನ್ಯವಾಗಿ ಮೂರು ಷರತ್ತುಗಳಿವೆ: ಮಗುವಿಗೆ 16 ತುಂಬುವ ಮೊದಲೇ ದತ್ತು ಆಗಿರಬೇಕು, ಮಗು ಎರಡು ವರ್ಷ ನಿಮ್ಮ ಕಾನೂನುಬದ್ಧ ಸುಪರ್ದಿಯಲ್ಲಿರಬೇಕು, ಎರಡು ವರ್ಷ ನಿಮ್ಮೊಡನೆ ವಾಸವಾಗಿರಬೇಕು. ಈ ಎರಡು ವರ್ಷದ ಷರತ್ತು ಎಚ್-4 ಅವಲಂಬಿತ ವೀಸಾಕ್ಕೂ ಇದೆ. ಅಂದರೆ ಎರಡು ವರ್ಷದ ಸಹವಾಸ ಭಾರತದಲ್ಲಿಯೇ ಆಗಬೇಕು, ಆಮೇಲೆ ಮಗು ಅಮೆರಿಕಕ್ಕೆ ಬರಬಹುದು.

ಈ ನಿಯಮದ ಅರಿವಿಲ್ಲದೆ ಹೊರಟವರಿಗೆ ಯಾರೋ ಕೊಡುವ ಸಲಹೆಯೆಂದರೆ, ಸದ್ಯಕ್ಕೆ ಪ್ರವಾಸಿ ವೀಸಾ ಮಾಡಿಸಿ ಕರೆತನ್ನಿ, ಆಮೇಲೆ ನೋಡಿಕೊಳ್ಳೋಣ ಎಂಬುದು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಪ್ರವಾಸಿ ವೀಸಾ ಕೇಳುವಾಗ ಮಗು ಮರಳಿ ಹೋಗುತ್ತದೆ ಎಂದು ಹೇಳಬೇಕು. ನಿಮ್ಮ ಉದ್ದೇಶ ಅದಲ್ಲ. ಸುಳ್ಳು ಹೇಳಿದ್ದು ದಾಖಲಾದರೆ ನಿಮ್ಮ ಮುಂದಿನ ಎಲ್ಲ ವಲಸೆ ಅರ್ಜಿಗಳೂ ತೊಡಕಿಗೆ ಸಿಲುಕುತ್ತವೆ, ಮಗುವಿನದೂ ಸಿಲುಕುತ್ತದೆ.

ನಿಮ್ಮ ಗೆಳತಿಗೆ ಸಾಧ್ಯವಾದದ್ದು ನಿಮಗೇಕೆ ಆಗದು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಕೆನಡಾದಲ್ಲಿ ಪೌರರಷ್ಟೇ ಅಲ್ಲದೆ ಶಾಶ್ವತ ನಿವಾಸಿಗಳೂ ದತ್ತು ಮಗುವನ್ನು ಕರೆಸಿಕೊಳ್ಳಲು ಪ್ರಾಯೋಜಕರಾಗಬಹುದು. ದತ್ತಿನ ಒಪ್ಪಿಗೆ ಅಲ್ಲಿನ ಪ್ರಾಂತ್ಯದ ಪ್ರಾಧಿಕಾರದಿಂದ ಬರುತ್ತದೆ. ಬ್ರಿಟನ್ನಿನಲ್ಲಿ ಮುಖ್ಯವಾಗುವುದು ಪಾಸ್‌ಪೋರ್ಟ್ ಅಲ್ಲ, ಅಲ್ಲಿ ನೆಲೆಸಿರುವುದು. ಆದರೆ ಅಲ್ಲಿ ನೆಲೆಸಿದವರು ಅಲ್ಲಿನ ಮೌಲ್ಯಮಾಪನವಿಲ್ಲದೆ ಹೊರಗೆ ದತ್ತು ಪಡೆದು 12 ತಿಂಗಳೊಳಗೆ ಮಗುವನ್ನು ತಂದರೆ ಅಲ್ಲಿನ 2002ರ ದತ್ತು ಮತ್ತು ಮಕ್ಕಳ ಕಾಯ್ದೆಯ 83ನೇ ಸೆಕ್ಷನ್ನಿನಡಿ ಅದು ಅಪರಾಧ. ಒಬ್ಬರ ಅನುಭವವನ್ನು ಇನ್ನೊಬ್ಬರು, ದೇಶ ಬೇರೆಯಿದ್ದಾಗ, ಮಾದರಿಯಾಗಿ ಇಟ್ಟುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನು ಭಾರತದ ಕಡೆಗೆ ಬರೋಣ. ನಮ್ಮಲ್ಲಿ ಈ ವ್ಯವಸ್ಥೆ ಇಷ್ಟು ಬಿಗಿಯಾಗಿರುವುದಕ್ಕೆ ನೋವಿನ ಹಿನ್ನೆಲೆಯಿದೆ. ಭಾರತದ ಮಕ್ಕಳನ್ನು ವಿದೇಶಕ್ಕೆ ದತ್ತು ಕೊಡುವ ನೆಪದಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ಸ್ವೀಕರಿಸಿ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನ ಮೂಲಕ ಮಾರ್ಗಸೂಚಿಗಳನ್ನು ಕೊಟ್ಟಿತು. ಮಗುವಿಗೆ ಮೊದಲು ತನ್ನ ದೇಶದಲ್ಲಿಯೇ ಕುಟುಂಬ ಹುಡುಕಬೇಕು, ದತ್ತಿನಿಂದ ಯಾರೂ ಹಣ ಮಾಡಬಾರದು ಎಂಬ ತತ್ವಗಳು ಆಗಲೇ ನೆಲೆಯೂರಿದವು. 1990ರಲ್ಲಿ ಸ್ಥಾಪನೆಯಾದ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ, ಅಂದರೆ ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆಗೆ, 2015ರ ಬಾಲನ್ಯಾಯ ಕಾಯ್ದೆ ಶಾಸನಬದ್ಧ ಸ್ಥಾನ ಕೊಟ್ಟಿತು. ಈಗ ಜಾರಿಯಲ್ಲಿರುವುದು 2022ರ ದತ್ತು ನಿಯಮಾವಳಿ. ದತ್ತು ಆದೇಶ ಹೊರಡಿಸುವ ಅಧಿಕಾರ 2022ರ ಸೆಪ್ಟೆಂಬರ್‌ನಿಂದ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗಳಿಗೆ ವರ್ಗವಾಗಿದೆ. ಜಗತ್ತಿನ ಬೇರೆಡೆಯೂ ಗಾಳಿ ಇದೇ ಕಡೆ ಬೀಸುತ್ತಿದೆ. 2024ರಲ್ಲಿ ಚೀನಾ, ಹತ್ತಿರದ ಸಂಬಂಧಿಗಳನ್ನು ಹೊರತುಪಡಿಸಿ, ವಿದೇಶಿ ದತ್ತುಗಳನ್ನೇ ಕೊನೆಗೊಳಿಸಿತು.

ಭಾರತದ ಪಾಸ್‌ಪೋರ್ಟ್ ಹೊಂದಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಹೊರದೇಶದಲ್ಲಿರುವವರನ್ನು ಬಾಲನ್ಯಾಯ ಕಾಯ್ದೆ ಅನಿವಾಸಿ ಭಾರತೀಯರೆನ್ನುತ್ತದೆ. ನೀವು ಆ ಗುಂಪಿನವರು. ಆದ್ಯತೆಯ ವಿಷಯದಲ್ಲಿ ಅನಿವಾಸಿ ಭಾರತೀಯರನ್ನು ಇಲ್ಲಿನ ನಿವಾಸಿಗಳ ಸಮಾನವಾಗಿಯೇ ನೋಡಲಾಗುತ್ತದೆ, ಆದ್ದರಿಂದ ಭಾರತದ ಕಾನೂನು ನಿಮ್ಮನ್ನು ಹಿಂದೆ ತಳ್ಳುವುದಿಲ್ಲ. ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕೆಂಬ ಷರತ್ತನ್ನೂ ನೀವು ಪೂರೈಸುತ್ತೀರಿ. ನೀವು ಗಮನವಿಟ್ಟು ನೋಡಬೇಕಾದದ್ದು ವಯಸ್ಸಿನ ಲೆಕ್ಕವನ್ನು. ದಂಪತಿಯ ಇಬ್ಬರ ವಯಸ್ಸನ್ನೂ ಕೂಡಿಸಿದಾಗ, ಎರಡು ವರ್ಷದವರೆಗಿನ ಮಗುವಿಗೆ ಅದು 85 ಮೀರಬಾರದು; ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಎಂಟರಿಂದ ಹದಿನೆಂಟಕ್ಕೆ 110. ಲೆಕ್ಕಕ್ಕೆ ಹಿಡಿಯುವುದು ನೋಂದಣಿಯ ದಿನದ ವಯಸ್ಸನ್ನು. ಇಂದು ನಿಮ್ಮಿಬ್ಬರ ಮೊತ್ತ 80. ಕಾಲ ಒಂದು ವರ್ಷ ಸರಿದರೆ ಈ ಮೊತ್ತ ಎರಡು ಏರುತ್ತದೆ. ಮೂರು ವರ್ಷ ತಡೆದು ನೋಂದಾಯಿಸಿದರೆ 86 ಆಗಿ ಪುಟ್ಟ ಮಗುವಿನ ವರ್ಗ ಮುಚ್ಚಿಹೋಗುತ್ತದೆ. ಆರು ವರ್ಷ ತಡೆದರೆ 92, ಆಗ ನಾಲ್ಕು ವರ್ಷ ಮೀರಿದ ಮಗುವನ್ನೇ ಬಯಸಬೇಕಾಗುತ್ತದೆ.

ಈ ಲೆಕ್ಕ ಇಟ್ಟುಕೊಂಡು ನಿಮ್ಮ ಮುಂದಿರುವ ದಾರಿಗಳನ್ನು ನೋಡಿ. ಅಮೆರಿಕದ ಪೌರತ್ವ ಸಿಗುವವರೆಗೆ ಕಾಯುವುದು ಒಂದು. ಗ್ರೀನ್ ಕಾರ್ಡ್ ಬಂದ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷ ಬೇಕು, ಮತ್ತು ಭಾರತದಲ್ಲಿ ಹುಟ್ಟಿದವರ ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದವೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಪೌರರಾದವರಿಗೆ ಆ ದಾರಿ ನಿಜಕ್ಕೂ ಸುಗಮ. ಹೇಗ್ ವಿಧಾನದಲ್ಲಿ ದತ್ತು ಪೂರ್ಣಗೊಳಿಸಿ ವಲಸೆ ವೀಸಾದಲ್ಲಿ ಬಂದ ಮಗು ಅಲ್ಲಿ ಕಾಲಿಟ್ಟಾಗಲೇ ಪೌರತ್ವ ಪಡೆಯುತ್ತದೆ. ನಿಮ್ಮ ವಯಸ್ಸಿಗೆ ಅದು ಹೊಂದುವುದಿಲ್ಲ. ಅಮೆರಿಕದಲ್ಲಿಯೇ ದತ್ತು ಪಡೆಯುವುದು ಇನ್ನೊಂದು. ಪೌರರಲ್ಲದವರಿಗೆ ಇದರಲ್ಲಿ ಒಟ್ಟಾರೆ ನಿಷೇಧವಿಲ್ಲ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಅಲ್ಲಿ ಹುಟ್ಟಿದ ಮಗುವಿಗೆ ವೀಸಾದ ಸಮಸ್ಯೆಯೇ ಇರುವುದಿಲ್ಲ. ಬೇರೆ ಜನಾಂಗದ, ಬೇರೆ ಹಿನ್ನೆಲೆಯ ಮಗುವನ್ನು ಬೆಳೆಸಲು ನೀವೂ ನಿಮ್ಮ ಎರಡೂ ಮನೆಗಳವರೂ ಸಿದ್ಧರಿದ್ದೀರಾ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಉತ್ತರ ಹೌದಾದರೆ ಇದು ಗೌರವದ, ಗಂಭೀರವಾದ ಆಯ್ಕೆ. ನಿಮ್ಮ ರಾಜ್ಯದ ಪರವಾನಗಿ ಪಡೆದ ದತ್ತು ಸಂಸ್ಥೆಯೊಂದರ ಮಾಹಿತಿ ಸಭೆಗೆ ಹೋಗಿಬನ್ನಿ.

ಮೂರನೆಯದು, ನಿಮ್ಮ ಪತ್ರ ಓದಿದ ಮೇಲೆ ನನಗೆ ಹೆಚ್ಚು ಸರಿಯೆನಿಸಿದ್ದು, ಕೆಲವು ವರ್ಷಗಳ ಮಟ್ಟಿಗಾದರೂ ಭಾರತಕ್ಕೆ ಮರಳಿ ಬಂದು, ಇಲ್ಲಿನ ನಿವಾಸಿಗಳಾಗಿ ದತ್ತು ಪಡೆದು, ಮಗುವಿನೊಡನೆ ಇಲ್ಲಿ ಎರಡು ವರ್ಷ ಬಾಳಿ, ಅನಂತರ ಮುಂದಿನ ಊರನ್ನು ತೀರ್ಮಾನಿಸುವುದು. ಇದು ಸಣ್ಣ ಮಾತಲ್ಲ ಎಂಬ ಅರಿವು ನನಗಿದೆ. ಪುಟ್ಟ, ಆರೋಗ್ಯವಂತ ಮಗುವಿಗಾಗಿ ಕಾಯುವವರ ಸಂಖ್ಯೆ ದತ್ತಿಗೆ ಮುಕ್ತರಾದ ಮಕ್ಕಳ ಸಂಖ್ಯೆಗಿಂತ ಹಲವು ಪಟ್ಟು ಹೆಚ್ಚಿದೆ. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಐದಾರು ವರ್ಷದ ಮಗು, ಜೊತೆಯಾಗಿ ಬೆಳೆದ ಅಕ್ಕತಂಗಿಯರು, ಚಿಕಿತ್ಸೆ ಅಥವಾ ವಿಶೇಷ ಆರೈಕೆ ಬೇಕಾದ ಮಗು, ಇಂಥವರಿಗೆ ಮನಸ್ಸು ತೆರೆದರೆ ಕಾಯುವಿಕೆ ಬಹಳ ಕಡಿಮೆ. ಆದರೆ ಬೇಗ ಆಗಲಿ ಎಂಬ ಒಂದೇ ಕಾರಣಕ್ಕೆ ಆ ಆಯ್ಕೆಗೆ ಸಹಿ ಹಾಕಬೇಡಿ. ಆರು ವರ್ಷದ ಮಗುವಿಗೆ ತನ್ನದೇ ನೆನಪುಗಳು, ಸಿಟ್ಟು, ನಂಬಿಕೆಯ ಅಳತೆ ಎಲ್ಲವೂ ಇರುತ್ತವೆ; ಅದನ್ನು ಅಪೇಕ್ಷಿಸಿ ಮುಂದಾದವರು ಮಾತ್ರ ಅದಕ್ಕೆ ನ್ಯಾಯ ಒದಗಿಸಬಲ್ಲರು.

ನಿಮ್ಮ ಪತಿಯ ಕೆಲಸದ ಬಗ್ಗೆ ಒಂದೆರಡು ಮಾತು. ಗ್ರೀನ್ ಕಾರ್ಡ್‌ಗಾಗಿ ಅವರ ಸಂಸ್ಥೆ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ, ಭಾರತದಲ್ಲಿದ್ದ ಮಾತ್ರಕ್ಕೆ ಆದ್ಯತಾ ದಿನಾಂಕ, ಅಂದರೆ ಆ ಸರದಿಯಲ್ಲಿನ ಸ್ಥಾನ, ಕಳೆದುಹೋಗುವುದಿಲ್ಲ. ಅಮೆರಿಕದ ಹೊರಗೆ ಕಳೆದ ದಿನಗಳನ್ನು ಎಚ್-1ಬಿ ಅವಧಿಯ ಲೆಕ್ಕದಿಂದ ಬಿಡಿಸಿ ಮತ್ತೆ ಪಡೆಯುವ ಅವಕಾಶವೂ ಇದೆ. ನೀವೊಬ್ಬರೇ ಮಗುವಿನೊಡನೆ ಇಲ್ಲಿದ್ದು ಅವರು ಅಲ್ಲಿ ಕೆಲಸ ಮುಂದುವರಿಸುವ ವ್ಯವಸ್ಥೆಯ ಬಗ್ಗೆ ಯೋಚಿಸುತ್ತಿದ್ದರೆ, ಎರಡು ವರ್ಷದ ಷರತ್ತು ನಿಮ್ಮ ಪ್ರಕರಣದಲ್ಲಿ ಹೇಗೆ ಎಣಿಕೆಯಾಗುತ್ತದೆ ಎಂಬುದನ್ನು ವಲಸೆ ವಕೀಲರಿಂದ ಲಿಖಿತವಾಗಿ ಪಡೆಯಿರಿ. ಹೊಸ ಮಗುವಿನ ದೃಷ್ಟಿಯಿಂದ ಹೇಳುವುದಾದರೆ, ಮೊದಲ ವರ್ಷ ಇಬ್ಬರೂ ಜೊತೆಗಿರುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಇಲ್ಲಿಗೆ ಬಂದ ಮೇಲೆ ವಿಧಾನ ಹೀಗೆ ಸಾಗುತ್ತದೆ. ಕಾರಾದ ಜಾಲತಾಣದಲ್ಲಿ ನೀವೇ ನೋಂದಾಯಿಸಿಕೊಂಡು ದಾಖಲೆ ಸೇರಿಸುತ್ತೀರಿ. ಇದಕ್ಕೆ ಮಧ್ಯವರ್ತಿ ಬೇಕಿಲ್ಲ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ, ಅದು ಮೂರು ವರ್ಷ ಊರ್ಜಿತ. ಸರದಿ ಬಂದಾಗ ಮಗುವಿನ ಭಾವಚಿತ್ರ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ತಪಾಸಣಾ ವರದಿ ನಿಮ್ಮ ಮುಂದೆ ಬರುತ್ತವೆ. ಗಂಟೆಗಳ ಲೆಕ್ಕದಲ್ಲಿ ಕೊಟ್ಟ ಅವಧಿಯೊಳಗೆ ಮಗುವನ್ನು ಕಾಯ್ದಿರಿಸಬೇಕು. ಒಪ್ಪಿಗೆಯಾದ ಮೇಲೆ, ಅಂತಿಮ ಆದೇಶಕ್ಕೆ ಮೊದಲೇ ಪೂರ್ವ-ದತ್ತು ಪೋಷಣೆಯಲ್ಲಿ ಮಗುವನ್ನು ಮನೆಗೆ ಕರೆತರಬಹುದು. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಜಿಲ್ಲಾಧಿಕಾರಿ ಆದೇಶ ನೀಡಬೇಕೆಂದು ಕಾನೂನು ಹೇಳುತ್ತದೆ. ಅನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅನುಸರಣಾ ಭೇಟಿ ಇರುತ್ತದೆ. ನಡುವೆ ಊರು ಬದಲಿಸಿದರೆ ಸಂಸ್ಥೆಗೆ ತಿಳಿಸುವುದು ನಿಮ್ಮ ಹೊಣೆ.

ಆ ವೈದ್ಯಕೀಯ ವರದಿಯನ್ನು ಓದುವ ಬಗೆಯನ್ನು ಈಗಲೇ ತಿಳಿದಿಟ್ಟುಕೊಳ್ಳಿ, ಏಕೆಂದರೆ ಅದು ಬಂದ ದಿನ ಕಣ್ಣು ಭಾವಚಿತ್ರದಿಂದ ಕದಲುವುದಿಲ್ಲ. ಹುಟ್ಟಿದಾಗಿನ ತೂಕ, ಅವಧಿಗೆ ಮೊದಲೇ ಹುಟ್ಟಿದೆಯೇ ಎಂಬುದು, ತಲೆಯ ಸುತ್ತಳತೆ, ಇವುಗಳ ಮೇಲೆ ಗಮನ ಹರಿಸಿ. ಒಂದು ದಿನದ ಅಳತೆಯಿಂದ ಹೆಚ್ಚು ತಿಳಿಯುವುದಿಲ್ಲ, ಬಂದ ದಿನದಿಂದ ಈವರೆಗಿನ ಅಳತೆಗಳನ್ನು ಕೇಳಿ ಪಡೆದು ಮಕ್ಕಳ ವೈದ್ಯರಿಗೆ ತೋರಿಸಿ. ಸಂಸ್ಥೆಗೆ ಬಂದಾಗ ತೀರ ಕೃಶವಾಗಿದ್ದ ಮಗು ಆಮೇಲೆ ತಿಂಗಳು ತಿಂಗಳಿಗೆ ಏರುತ್ತ ಬಂದಿದ್ದರೆ ಅದು ಒಳ್ಳೆಯ ಸೂಚನೆ. 18 ತಿಂಗಳೊಳಗಿನ ಮಗುವಿನ ಎಚ್‌ಐವಿ ಪ್ರತಿಕಾಯ ಪರೀಕ್ಷೆ ‘ಪಾಸಿಟಿವ್’ ಎಂದಿದ್ದರೆ ಅದು ತಾಯಿಯಿಂದ ಬಂದ ಪ್ರತಿಕಾಯವಷ್ಟೇ ಆಗಿರಬಹುದು. ಖಚಿತಪಡಿಸಲು, ವೈರಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಒಂದು ಪದ ನೋಡಿ ಹೆದರಿ ಮಗುವನ್ನು ಬಿಟ್ಟುಕೊಡುವುದೂ ಬೇಡ, ವರದಿಯನ್ನೇ ಓದದೆ ಒಪ್ಪುವುದೂ ಬೇಡ.

ಮಗುವನ್ನು ಕರೆತರಲು ಹೋದ ದಿನ, ಅದನ್ನು ಎತ್ತಿ ಆಡಿಸಿದ ಆಯಾ ಜೊತೆ ಕುಳಿತು ಮಾತನಾಡುವುದಕ್ಕೆ ಸಾಕಷ್ಟು ಸಮಯ ಕೊಡಿ. ಮಗುವನ್ನು ಏನೆಂದು ಕರೆಯುತ್ತಾರೆ, ಹೇಗೆ ಮಲಗಿಸುತ್ತಾರೆ, ಬೆನ್ನು ತಟ್ಟಬೇಕೇ ತೊಡೆಯ ಮೇಲೆ ಹಾಕಿಕೊಳ್ಳಬೇಕೇ, ಹಾಲು ಬಟ್ಟಲಿನಲ್ಲೋ ಬಾಟಲಿಯಲ್ಲೋ, ರಾತ್ರಿ ಎಷ್ಟು ಹೊತ್ತಿಗೆ ಎದ್ದು ಅಳುತ್ತದೆ ಎಂಬ ಸಂಗತಿಗಳು ಯಾವ ವರದಿಯಲ್ಲೂ ಇರುವುದಿಲ್ಲ. ಅದು ಹೊದ್ದು ಮಲಗುವ ಬಟ್ಟೆಯನ್ನು ಒಗೆಯದೆ ಹಾಗೆಯೇ ಕೇಳಿ ತನ್ನಿ. ಹೊಸ ಮನೆಯಲ್ಲಿ ಪರಿಚಿತವಾಗಿರುವುದು ಆ ವಾಸನೆ ಒಂದೇ. ಮಗು ಬೇರೆ ರಾಜ್ಯದ್ದಾಗಿದ್ದರೆ ಅದಕ್ಕೆ ಒಡಿಯಾ ಅಥವಾ ಮರಾಠಿ ಮಾತ್ರ ಗೊತ್ತಿರಬಹುದು. ನೀರು, ಊಟ, ನೋವು, ನಿದ್ದೆ, ಶೌಚ ಎಂಬ ಹತ್ತಾರು ಪದಗಳನ್ನು ಅದರ ಭಾಷೆಯಲ್ಲಿ ಕಲಿತು ಹೋಗಿ. ಎರಡು ವರ್ಷ ಭಾರತದಲ್ಲಿಯೇ ಇರಬೇಕೆಂಬ ಷರತ್ತು ನಿಮಗೆ ಶಿಕ್ಷೆಯಂತೆ ಕಾಣಬಹುದು, ಆದರೆ ಮಗುವಿನ ಕಡೆಯಿಂದ ನೋಡಿದರೆ ಮನೆ, ಭಾಷೆ, ಆಹಾರ, ದೇಶ ಎಲ್ಲವೂ ಒಂದೇ ವಾರದಲ್ಲಿ ಬದಲಾಗದೆ ಒಂದೊಂದಾಗಿ ಬದಲಾಗುವುದು ಎಷ್ಟೋ ಮೇಲು.

ಮೈದುನನ ಮಗುವಿನ ವಿಷಯ. ಬಾಲನ್ಯಾಯ ಕಾಯ್ದೆಯಲ್ಲಿ ‘ಸಂಬಂಧಿ’ ಎಂದರೆ ಮಗುವಿನ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು, ಅಜ್ಜ ಅಜ್ಜಿಯರು ಮಾತ್ರ. ನಿಮ್ಮ ಪತಿ ಮಗುವಿನ ದೊಡ್ಡಪ್ಪ ಆಗುವುದರಿಂದ ಆ ವ್ಯಾಖ್ಯೆಯೊಳಗೆ ಬರುತ್ತಾರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿಯೂ, 15 ತುಂಬದ ಮಗುವನ್ನು ಹೆತ್ತವರು ಕೊಟ್ಟು ನೀವು ಸ್ವೀಕರಿಸಿ ಪತ್ರ ನೋಂದಾಯಿಸಬಹುದು. ಆದರೆ ಆ ನೋಂದಾಯಿತ ದತ್ತಕ ಪತ್ರ ಒಂದರಿಂದಲೇ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲಾಗದು; ಅಂತರ್‌ದೇಶೀಯ ಪ್ರಕರಣಗಳಲ್ಲಿ ಜಿಲ್ಲಾಧಿಕಾರಿಗಳ ಪರಿಶೀಲನೆ, ಕಾರಾದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. ಅಮೆರಿಕದ ಎರಡು ವರ್ಷದ ನಿಯಮ ಇಲ್ಲಿಯೂ ತಪ್ಪುವುದಿಲ್ಲ, ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರವನ್ನು ಅವರು ಕಾನೂನುಬದ್ಧ ಸುಪರ್ದಿ ಎಂದು ಒಪ್ಪುವುದಿಲ್ಲ.

ಕಾನೂನನ್ನು ಬದಿಗಿಟ್ಟು ನನ್ನ ಅಭಿಪ್ರಾಯ ಹೇಳುವುದಾದರೆ, ತಂದೆ ತಾಯಿ ಇಬ್ಬರೂ ಇದ್ದು ಅಕ್ಕರೆಯಿಂದ ಬೆಳೆಸುತ್ತಿರುವ ಮಗುವನ್ನು, ಅಣ್ಣನಿಗೆ ಮಕ್ಕಳಿಲ್ಲ ಎಂಬ ಕಾರಣಕ್ಕೆ ಬೇರ್ಪಡಿಸುವುದನ್ನು ನಾನು ಒಪ್ಪಲಾರೆ. ಆ ಮಗುವಿನ ತಾಯಿ, ನಿಮ್ಮ ಓರಗಿತ್ತಿ, ಅತ್ತೆಯವರ ಎದುರು ತನ್ನ ಮನಸ್ಸಿನ ಮಾತನ್ನು ಹೇಳುವ ಸ್ಥಿತಿಯಲ್ಲಿದ್ದಾರೆಯೇ ಎಂಬುದನ್ನು ಮೊದಲು ಯೋಚಿಸಿ. ಹಬ್ಬ ಹರಿದಿನಗಳಲ್ಲಿ ಅದೇ ಮನೆಯಲ್ಲಿ ಸೇರುವಾಗ, ತನ್ನ ಅಕ್ಕನೋ ಅಣ್ಣನೋ ಅಮ್ಮನ ಮಡಿಲಲ್ಲಿ ಉಳಿದು ತನ್ನನ್ನು ಮಾತ್ರ ಕಳುಹಿಸಿದ್ದೇಕೆ ಎಂಬ ಪ್ರಶ್ನೆ ಆ ಮಗುವಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅತ್ತೆಯವರ ಮಾತಿನ ಹಿಂದಿರುವುದು ನಮ್ಮ ಮನೆತನದ ಮಗುವೇ ಆಗಲಿ ಎಂಬ ಆಸೆಯಾದರೆ, ಆ ಆಸೆಯ ಬಗ್ಗೆ ಅವರೊಡನೆ ಮುಖಾಮುಖಿ ಕುಳಿತು ಮಾತನಾಡಬೇಕು. ಡಿಸೆಂಬರ್ ಪ್ರವಾಸದ ಬಹುಮುಖ್ಯ ಕೆಲಸ ಅದೇ ಎಂದು ನಾನು ಹೇಳುತ್ತೇನೆ. ಗೃಹ ಅಧ್ಯಯನದಲ್ಲಿಯೂ ಮನೆಯ ಹಿರಿಯರ ನಿಲುವನ್ನು ಕೇಳುತ್ತಾರೆ.

ನರ್ಸಿಂಗ್ ಹೋಮ್‌ನ ಪ್ರಸ್ತಾಪವನ್ನು ಇಂದೇ, ಒಂದೇ ಮಾತಿನಲ್ಲಿ ನಿರಾಕರಿಸಿ. ಬೇರೊಬ್ಬಳು ಹೆತ್ತ ಮಗುವಿನ ಜನನ ದಾಖಲೆಯಲ್ಲಿ ನಿಮ್ಮ ಹೆಸರು ಬರೆಸುವುದು ದತ್ತು ಅಲ್ಲ, ಸುಳ್ಳು ದಾಖಲೆ ಸೃಷ್ಟಿ. ಹಣ ಕೈ ಬದಲಾಯಿಸಿದ್ದರೆ ಬಾಲನ್ಯಾಯ ಕಾಯ್ದೆಯ 81ನೇ ಸೆಕ್ಷನ್ನಿನಡಿ ಮಗುವಿನ ಮಾರಾಟವಾಗುತ್ತದೆ, ಅದಕ್ಕೆ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡವಿದೆ. ಹತ್ತು ವರ್ಷದ ನಂತರವೂ ವಲಸೆ ಅಧಿಕಾರಿಗಳು ಡಿಎನ್‌ಎ ಪರೀಕ್ಷೆ ಕೇಳಬಹುದು. ಆಗ ಮಗುವಿಗೆ ನಿಮ್ಮೊಡನೆ ಕಾನೂನಿನ ಸಂಬಂಧವೇ ಉಳಿಯುವುದಿಲ್ಲ. ಆ ಹುಡುಗಿಗೂ ಒಂದು ಗೌರವದ ದಾರಿ ಇದೆ ಎಂಬುದನ್ನು ಹೇಳಿದವರಿಗೆ ತಿಳಿಸಿ. ಮಗುವನ್ನು ಬೆಳೆಸಲಾಗದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು, ಅವಳ ಗುರುತು ಗೋಪ್ಯವಾಗಿರುತ್ತದೆ, ಮನಸ್ಸು ಬದಲಾದರೆ ಮಗುವನ್ನು ಮರಳಿ ಪಡೆಯಲು ಎರಡು ತಿಂಗಳ ಕಾಲಾವಕಾಶವಿರುತ್ತದೆ. ನೀವು ಹೇಳಿದಂಥ ಗುಟ್ಟಿನ ವ್ಯವಹಾರದಲ್ಲಿ ಅವಳಿಂದ ಕಸಿದುಕೊಳ್ಳುವುದು ಆ ಎರಡು ತಿಂಗಳನ್ನೇ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ.

ಹಾಗಾದರೆ ಡಿಸೆಂಬರ್‌ನ ನಾಲ್ಕು ವಾರ ಏನು ಮಾಡಬೇಕು? ಅನಾಥಾಶ್ರಮಗಳಿಗೆ ಹೋಗಿ ಮಕ್ಕಳನ್ನು ನೋಡಿಬರುವ ಯೋಚನೆಯಿದ್ದರೆ ಬಿಡಿ. ಸರದಿಯ ಮೂಲಕ ಮಗು ಗೊತ್ತಾಗುವ ಮೊದಲು ಯಾವ ಸಂಸ್ಥೆಯೂ ಮಕ್ಕಳನ್ನು ತೋರಿಸುವಂತಿಲ್ಲ, ತೋರಿಸುವ ಸಂಸ್ಥೆ ನಂಬಿಕೆಗೆ ಅರ್ಹವೂ ಅಲ್ಲ. ನೀವು ನೆಲೆಸಲು ಬಯಸುವ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ದಿನ ಹೋಗಿ ಅಧಿಕಾರಿಗಳೊಡನೆ ಮಾತನಾಡಿ. ಬದುಕಿನ ಲೆಕ್ಕ ಹಾಕಿ: ಪತಿಯ ಸಂಸ್ಥೆ ಭಾರತದ ಕಚೇರಿಗೆ ವರ್ಗಾವಣೆ ಕೊಡುತ್ತದೆಯೇ, ಮನೆ ಎಲ್ಲಿ, ವೀಸಾ ಮುದ್ರೆ ಮತ್ತೆ ಹಾಕಿಸಬೇಕಿದ್ದರೆ ಆ ದಿನಾಂಕ ಸಿಗುತ್ತದೆಯೇ.

ಉಳಿದ ದಿನಗಳನ್ನು ದಾಖಲೆಗಳಿಗೆ ಕೊಡಿ. ನಮ್ಮ ಕಡೆಯ ದಂಪತಿಗಳ ಕಡತ ಹೆಚ್ಚಾಗಿ ನಿಲ್ಲುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದ ಹೆಸರುಗಳು, ಅಮೆರಿಕದ ದಾಖಲೆಯಲ್ಲಿ ತಂದೆಯ ಹೆಸರೇ ಕುಲನಾಮವಾಗಿ ನಿಂತಿರುವುದು, ಮದುವೆಯ ನಂತರ ಪತ್ನಿಯ ಹೆಸರಿಗೆ ಸೇರಿದ ಇನ್ನೊಂದು ಹೆಸರು. ಇವೆಲ್ಲ ಒಂದೇ ವ್ಯಕ್ತಿ ಎಂದು ತೋರಿಸುವ ಹೊಣೆ ನಿಮ್ಮದು. ಎಲ್ಲ ದಾಖಲೆಗಳನ್ನು ಒಂದು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಮದುವೆ ನೋಂದಣಿಯಾಗಿಲ್ಲದಿದ್ದರೆ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಈ ಪ್ರವಾಸದಲ್ಲಿಯೇ ಮಾಡಿಸಿ, ಅದಕ್ಕೆ ಮದುವೆಯ ಆಮಂತ್ರಣ ಪತ್ರಿಕೆ, ಭಾವಚಿತ್ರ, ಸಾಕ್ಷಿಗಳನ್ನು ಈಗಲೇ ಹೊಂದಿಸಿಕೊಳ್ಳಿ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲಿ ವಿಚಾರಿಸಿ, ದಾಖಲೆ ಸಿಗದಿದ್ದರೆ ಲಭ್ಯವಿಲ್ಲವೆಂಬ ಪತ್ರವನ್ನಾದರೂ ಪಡೆಯಿರಿ. ನಾಳೆ ಗೃಹ ಅಧ್ಯಯನಕ್ಕೂ, ವಲಸೆ ಅರ್ಜಿಗೂ ಇವೇ ಕೇಳಿಬರುತ್ತವೆ. ಅಮೆರಿಕಕ್ಕೆ ಮರಳಿದ ಮೇಲೆ, ಅಲ್ಲಿ ನೀವು ವಾಸಿಸಿದ ಪ್ರತಿ ರಾಜ್ಯದ ಪೊಲೀಸ್ ಪರಿಶೀಲನಾ ಪತ್ರ, ವೈದ್ಯಕೀಯ ವರದಿ, ಆದಾಯದ ದಾಖಲೆಗಳನ್ನು ಹೊಂದಿಸಲು ತೊಡಗಿ. ಭಾರತಕ್ಕೆ ಬಂದು ನೆಲೆಸುವ ತೀರ್ಮಾನ ಗಟ್ಟಿಯಾದರೆ, ಇಬ್ಬರ ವಯಸ್ಸಿನ ಮೊತ್ತ 85 ದಾಟುವ ಮೊದಲೇ ನೋಂದಣಿ ಮುಗಿಯುವಂತೆ ವರ್ಗಾವಣೆಯ ದಿನಾಂಕವನ್ನು ಇಟ್ಟುಕೊಳ್ಳಿ.